ಹತ್ತಿಕೊಳ್ಳದ ಮೇಣದಬತ್ತಿ

ಕಪ್ಪು ಕಾಗದದ ಮೇಲೆ ಬಣ್ಣದ ಪೆನ್ಸಿಲ್‌ಗಳಿಂದ ನಾನು ಮೊದಲ ಸಲ ಬಿಡಿಸಿದ ಮೇಣದಬತ್ತಿಯನ್ನು ನೋಡಿ ಅಕ್ಕನ ಮಗಳು ಹೇಳಿದ್ದು ಒಂದೇ ಮಾತು: “ಚಿಕ್ಕಿ, ಇದು ಇನ್ನೂ ಹತ್ತಿಕೊಂಡಿಲ್ಲ.” ಅವಳಿಗೆ ಆಗ ಏಳು ವರ್ಷ. ಚಿತ್ರದಲ್ಲಿ ಜ್ವಾಲೆ ಇತ್ತು. ಹಳದಿ, ಕಿತ್ತಳೆ ಎರಡೂ ಇದ್ದವು. ನಟ್ಟನಡುವೆ ಬೆರಳು ನೋಯುವಷ್ಟು ಒತ್ತಿ ತುಂಬಿದ ಬಿಳಿಯೂ ಇತ್ತು. ಆದರೂ ಅವಳು ಹೇಳಿದ್ದು ಸರಿಯಾಗಿತ್ತು. ಬತ್ತಿಯ ತುದಿಗೆ ಯಾರೋ ಹಣ್ಣೆಲೆಯೊಂದನ್ನು ಅಂಟಿಸಿಟ್ಟಂತೆ ಅದು ಕಾಣುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಆಕಾರ ಸರಿಯಿದ್ದು, ಬಣ್ಣವೂ ಸರಿಯಿದ್ದು, ಬೆಳಕು ಮಾತ್ರ ಇಲ್ಲದಿರುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಲೇ ಇದೆ. ಅದೇ ಮೇಣದಬತ್ತಿಯನ್ನು ಅದೇ ಅಳತೆಯ ಹಾಳೆಗಳ ಮೇಲೆ ಆಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ, ಹರಿದುಹಾಕಿದ್ದೇನೆ, ಮತ್ತೆ ಬಿಡಿಸಿದ್ದೇನೆ.

ಕಪ್ಪು ಕಾಗದವನ್ನು ಕೈಗೆತ್ತಿಕೊಳ್ಳುವವರು ಮೊದಲು ಅಂದುಕೊಳ್ಳುವುದು ಅರ್ಧ ಕೆಲಸ ಆಗಲೇ ಮುಗಿದಿದೆ ಎಂದು. ಬಿಳಿಯ ಹಾಳೆಯ ಮೇಲೆ ರಾತ್ರಿಯನ್ನು ತರಬೇಕಾದರೆ ಗಂಟೆಗಟ್ಟಲೆ ಕಪ್ಪು ತುಂಬಬೇಕು. ಇಲ್ಲಿ ರಾತ್ರಿ ಸಿದ್ಧವಾಗಿಯೇ ಬರುತ್ತದೆ, ನಾವು ದೀಪ ಹಚ್ಚಿದರೆ ಸಾಕು. ನಾನೂ ಹಾಗೆಯೇ ನಂಬಿದ್ದೆ. ಆದರೆ ಹಾಳೆಯ ಬಣ್ಣ ಬದಲಾದೊಡನೆ ಪೆನ್ಸಿಲಿನ ಕೆಲಸವೇ ತಲೆಕೆಳಗಾಗುತ್ತದೆ. ಬಿಳಿಯ ಹಾಳೆಯಲ್ಲಿ ಎಲ್ಲಕ್ಕಿಂತ ಬೆಳಗುವ ಜಾಗವೆಂದರೆ ನಾವು ಮುಟ್ಟದೆ ಬಿಟ್ಟ ಜಾಗ. ಬಣ್ಣದ ಪೆನ್ಸಿಲಿನ ಪದರ ತೆಳುವಾದದ್ದು. ಬೆಳಕು ಅದನ್ನು ದಾಟಿ ಹಾಳೆಯ ಬಿಳಿಯನ್ನು ಮುಟ್ಟಿ ಹಿಂದಿರುಗುವುದರಿಂದಲೇ ಬಣ್ಣಕ್ಕೆ ಕಳೆ ಬರುತ್ತದೆ. ಕಪ್ಪು ಹಾಳೆಯಲ್ಲಿ ಒಳಗೆ ಹೋದ ಬೆಳಕು ಹಿಂದಿರುಗುವುದಿಲ್ಲ. ಅಲ್ಲಿ ಮುಟ್ಟದೆ ಬಿಟ್ಟದ್ದು ಕತ್ತಲೆಯಾಗಿ ಉಳಿಯುತ್ತದೆ, ಬೆಳಕನ್ನು ಕಣಕಣವಾಗಿ ಕೈಯಾರೆ ತಂದು ಹಾಕಬೇಕಾಗುತ್ತದೆ. 1508ರಲ್ಲಿ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಪ್ರಾರ್ಥನೆಗೆ ಜೋಡಿಸಿದ ಕೈಗಳ ಪ್ರಸಿದ್ಧ ಚಿತ್ರವನ್ನು ನೀಲಿ ಹಾಳೆಯ ಮೇಲೆ ಮಾಡಿದಾಗ ನಡುವಣ ಛಾಯೆ ಹಾಳೆಯಿಂದಲೇ ದೊರೆತಿತ್ತು. ನೆರಳಿಗೆ ಕಡುಬಣ್ಣ, ಬೆಳಕಿಗೆ ಬಿಳಿ, ಹೀಗೆ ಎರಡೂ ದಿಕ್ಕಿಗೆ ಚಲಿಸುವ ಅವಕಾಶ ಆತನಿಗಿತ್ತು. ಕಡುಗಪ್ಪು ಹಾಳೆ ಹಿಡಿದವರಿಗೆ ಇರುವುದು ಮೇಲೆ ಹತ್ತುವ ಮೆಟ್ಟಿಲುಗಳು ಮಾತ್ರ, ಅವೂ ಹೆಚ್ಚಿಲ್ಲ.

ಒದ್ದೆ ಸೀಮೆಸುಣ್ಣ

ಎಲ್ಲರಂತೆ ನನಗೂ ಮೊದಲ ಕಪ್ಪು ಕಾಗದ ತರಗತಿಯ ಕರಿಹಲಗೆಯೇ. ನಮಗೆ ಚಿತ್ರಕಲೆ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದು ದಿನ ಸೀಮೆಸುಣ್ಣದ ತುಂಡನ್ನು ನೀರಿನ ಲೋಟದಲ್ಲಿ ಅದ್ದಿ ಹಲಗೆಯ ಮೇಲೆ ಏನನ್ನೋ ಬರೆಯತೊಡಗಿದರು. ಕೈ ಓಡುತ್ತಿತ್ತು, ಹಲಗೆಯ ಮೇಲೆ ಒದ್ದೆಯ ಗುರುತಿನ ಹೊರತು ಹೆಚ್ಚೇನೂ ಮೂಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮೇಷ್ಟ್ರು ತಿರುಗಿಯೂ ನೋಡದೆ ಕೆಲಸ ಮುಗಿಸಿ, ಸೀಮೆಸುಣ್ಣವನ್ನು ಕೆಳಗಿಟ್ಟು, ಕಿಟಕಿಯ ಪಕ್ಕಕ್ಕೆ ಹೋಗಿ ನಿಂತು, “ಅವಸರ ಮಾಡಬೇಡಿ, ನೋಡ್ತಾ ಇರಿ” ಎಂದರು. ಹಲಗೆ ಆರುತ್ತಾ ಬಂದಂತೆ ಮೊದಲು ಲಾಟೀನಿನ ಹಿಡಿಕೆ ಕಾಣಿಸಿತು, ಆಮೇಲೆ ಗಾಜಿನ ಬುರುಡೆಯ ಅಂಚು, ಅದರ ಸುತ್ತ ಹರಡಿದ್ದ ತೆಳುವಾದ ಗೆರೆಗಳು. ನಡುವಿನ ಜ್ವಾಲೆಗೆ ಹೆಚ್ಚು ನೀರು ತಾಗಿದ್ದರಿಂದ ಅದು ಕೊನೆಗೆ ಒಣಗಿತು; ಯಾರೋ ಕಾಣದ ಕೈಯಿಂದ ನಿಧಾನವಾಗಿ ಬತ್ತಿ ಏರಿಸುತ್ತಿರುವಂತೆ ಮಾಸಲಾಗಿದ್ದ ಜಾಗ ಬೆಳ್ಳಗಾಗುತ್ತಾ ಬಂದು, ಕೊನೆಗೆ ಹಲಗೆಯ ಮೇಲಿನ ಎಲ್ಲಕ್ಕಿಂತ ಬೆಳ್ಳಗಾಗಿ ನಿಂತಿತು. ಅದೇಕೆ ಹಾಗಾಯಿತು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಂಟೆ ಹೊಡೆಯಿತು, ಮುಂದಿನ ತರಗತಿಯವರು ಬಂದು ಹಲಗೆ ಒರೆಸಿದರು.

ಬಿಳಿಯ ಪೆನ್ಸಿಲ್ ಕಪ್ಪು ಹಾಳೆಯ ಮೇಲೆ ಏಕೆ ಬೂದಿಬಣ್ಣಕ್ಕೆ ತಿರುಗುತ್ತದೆ ಎಂದು ಬಹಳ ವರ್ಷಗಳ ನಂತರ ತಲೆಕೆಡಿಸಿಕೊಂಡಾಗ ಆ ಒದ್ದೆ ಸೀಮೆಸುಣ್ಣವೇ ನೆನಪಿಗೆ ಬಂತು. ಸೀಮೆಸುಣ್ಣದ ಒಂದೊಂದು ಕಣವನ್ನೂ ಬಿಡಿಯಾಗಿ ತೆಗೆದುಕೊಂಡರೆ ಅದು ಹೆಚ್ಚುಕಡಿಮೆ ಬಣ್ಣವಿಲ್ಲದ ಹರಳು. ಹರಳಿಗೂ ಸುತ್ತಲಿನ ಗಾಳಿಗೂ ನಡುವೆ ವಕ್ರೀಭವನ ಸೂಚ್ಯಂಕದ (ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯ) ಅಂತರವಿರುವುದರಿಂದ ಬೆಳಕು ಕಣದಿಂದ ಕಣಕ್ಕೆ ಬಾಗಿ, ಪ್ರತಿಫಲಿಸಿ, ಎಲ್ಲ ದಿಕ್ಕಿಗೂ ಚದುರುತ್ತದೆ. ಹಾಗೆ ಚದುರಿ ಹಿಂದಿರುಗಿದ ಬೆಳಕನ್ನೇ ನಾವು ಬಿಳಿ ಎನ್ನುತ್ತೇವೆ. ಗಾಳಿಯ ಸೂಚ್ಯಂಕ 1, ಸೀಮೆಸುಣ್ಣದ್ದು ಸುಮಾರು 1.5ರಿಂದ 1.6. ಸಂದುಗಳಲ್ಲಿ ನೀರು ತುಂಬಿದರೆ, ನೀರಿನದು 1.33 ಇರುವುದರಿಂದ ಅಂತರ ಕಿರಿದಾಗಿ ಬೆಳಕು ಚದುರದೆ ಒಳಕ್ಕೆ ಹಾದು ಕಪ್ಪು ಹಲಗೆಯನ್ನು ಸೇರಿಬಿಡುತ್ತದೆ. ಆರಿದಾಗ ಗಾಳಿ ಮರಳುತ್ತದೆ, ಬಿಳಿಯೂ ಮರಳುತ್ತದೆ. ಬಣ್ಣದ ಪೆನ್ಸಿಲಿನಲ್ಲಿ ಈ ನೀರಿನ ಪಾತ್ರ ವಹಿಸುವುದು ಮೇಣ ಅಥವಾ ಎಣ್ಣೆ. ಮೇಣದ ಸೂಚ್ಯಂಕ ಸುಮಾರು 1.45, ಅದರೊಳಗೆ ಸೀಮೆಸುಣ್ಣದಂಥ ಪುಡಿಯನ್ನು ಬೆರೆಸಿದರೆ ಅದು ಎಂದೂ ಆರದ ಒದ್ದೆ ಸೀಮೆಸುಣ್ಣವಾಗಿಯೇ ಉಳಿಯುತ್ತದೆ. ಪೆನ್ಸಿಲಿಗೆ ನಿಜವಾದ ಬಿಳಿ ಬರಬೇಕಾದರೆ ಟೈಟಾನಿಯಂ ಡೈಆಕ್ಸೈಡ್ ಬೇಕು. ಅದರ ಸೂಚ್ಯಂಕ 2.5ಕ್ಕೂ ಹೆಚ್ಚು, ಮೇಣದೊಳಗೆ ಮುಳುಗಿದರೂ ಅದು ಬೆಳಕನ್ನು ಹೊರಕ್ಕೆ ತಳ್ಳಬಲ್ಲದು. ಆ ವರ್ಣದ್ರವ್ಯ ಎಷ್ಟಿದೆ, ತುಂಬಲು ಹಾಕಿದ ಸಾದಾ ಪುಡಿ ಎಷ್ಟಿದೆ ಎಂಬುದರ ಮೇಲೆಯೇ ಒಂದು ಬಿಳಿಯ ಪೆನ್ಸಿಲ್ ಕಪ್ಪು ಹಾಳೆಯ ಮೇಲೆ ಬೆಳಗುವುದೋ ಮಾಸುವುದೋ ನಿರ್ಧಾರವಾಗುತ್ತದೆ. ಒಂದೇ ಡಬ್ಬಿಯ ಪೆನ್ಸಿಲ್‌ಗಳನ್ನೇ ನಂಬಿ ಕೂರದೆ, ಕೈಗೆ ಸಿಕ್ಕ ಬಿಳಿಗಳನ್ನೆಲ್ಲ ಕಪ್ಪು ಹಾಳೆಯ ತುಂಡೊಂದರ ಮೇಲೆ ಪಕ್ಕಪಕ್ಕದಲ್ಲಿ ಗೀಚಿ ನೋಡುವುದು ಒಳ್ಳೆಯದು. ನಾನು ಹಾಗೆ ಗೀಚಿದಾಗ ನಾಲ್ಕು ಬಿಳಿಗಳು ನಾಲ್ಕು ಬಗೆಯ ಬೂದಿಗಳಾದವು.

ಹಳದಿಯ ಕಥೆ ಇನ್ನೂ ವಿಚಿತ್ರ. ಕಪ್ಪಿನ ಮೇಲೆ ನೇರವಾಗಿ ಹಚ್ಚಿದ ಹಳದಿ ಹಸಿರುಮಿಶ್ರಿತ ಕೆಸರಿನಂತೆ ಕಾಣುತ್ತದೆ. ಕಡುಗೆಂಪು, ಕಡುನೀಲಿಗಳು ಇದ್ದಲ್ಲೇ ಮುಳುಗಿಹೋಗುತ್ತವೆ. ಆದ್ದರಿಂದ ಬಣ್ಣ ಬೆಳಗಬೇಕಾದಲ್ಲೆಲ್ಲ ಮೊದಲು ಬಿಳಿಯ ಅಡಿಪದರ ಹಾಕಿ, ಅದರ ಮೇಲೆ ಬಣ್ಣ ಹಾಯಿಸಬೇಕು. ಅಂದರೆ ಕಪ್ಪು ಹಾಳೆಯೊಳಗೆ ಬೇಕಾದಷ್ಟು ಜಾಗಕ್ಕೆ ಮಾತ್ರ ಒಂದು ಬಿಳಿಯ ಹಾಳೆಯನ್ನು ನಾವೇ ಮಾಡಿಕೊಳ್ಳಬೇಕು. ನನ್ನ ಮೊದಲ ಚಿತ್ರದಲ್ಲಿ ನಾನು ಇದನ್ನು ತಿರುವುಮುರುವು ಮಾಡಿದ್ದೆ. ಹಳದಿಯನ್ನು ಮೊದಲು ಹಚ್ಚಿ, ಅದು ಮಂಕಾಗಿದ್ದನ್ನು ಕಂಡು ಗಾಬರಿಯಾಗಿ, ಮೇಲಿಂದ ಬಿಳಿಯನ್ನು ಶಕ್ತಿಯಿದ್ದಷ್ಟೂ ಒತ್ತಿದ್ದೆ. ಒತ್ತಿದಂತೆಲ್ಲ ಹಾಳೆಯ ಮೇಲ್ಮೈಯ ಸಣ್ಣ ತಗ್ಗುದಿಣ್ಣೆಗಳು ಮೇಣದಿಂದ ತುಂಬಿ ನುಣುಪಾದವು, ನುಣುಪಾದ ಮೇಲೆ ಯಾವ ಪೆನ್ಸಿಲೂ ಅಲ್ಲಿ ನಿಲ್ಲದೆ ಜಾರತೊಡಗಿತು. ಬೆಳಕು ಸಾಲದು ಎನಿಸಿದಾಗ ಕೈ ತಾನಾಗಿಯೇ ಇನ್ನಷ್ಟು ಒತ್ತುತ್ತದೆ. ಈ ಕೆಲಸದಲ್ಲಿ ನಾನು ಹೋರಾಡಬೇಕಾಗಿ ಬಂದದ್ದು ಬಹುಮಟ್ಟಿಗೆ ಆ ಒಂದು ಅಭ್ಯಾಸದೊಂದಿಗೇ.

ಇಪ್ಪತ್ತು ಪಟ್ಟಿನೊಳಗೆ

ಒಳ್ಳೆಯ ಬಿಳಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅದರಿಂದಲೂ ಜ್ವಾಲೆಯಷ್ಟು ಬೆಳಕನ್ನು ಹಾಳೆಯ ಮೇಲೆ ತರಲಾಗುವುದಿಲ್ಲ, ಲೆಕ್ಕವೇ ಕೂಡಿಬರುವುದಿಲ್ಲ. ಮೇಣದಬತ್ತಿಯ ಜ್ವಾಲೆಯ ಪ್ರಖರತೆ ಚದರ ಮೀಟರಿಗೆ ಸುಮಾರು 10,000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಮಾನ). 300 ಲಕ್ಸ್‌ನಷ್ಟು (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಮಾನ) ಬೆಳಕಿರುವ ಸಾಧಾರಣ ಕೋಣೆಯಲ್ಲಿ ಬಿಳಿಯ ಹಾಳೆಯೊಂದರ ಪ್ರಖರತೆ ಸುಮಾರು 80. ಅಂದರೆ ಜ್ವಾಲೆಯು ಅದನ್ನು ಬಿಡಿಸಬೇಕಾದ ಸಾಮಗ್ರಿಗಿಂತ ನೂರು ಪಟ್ಟಿಗೂ ಮಿಕ್ಕಿ ಪ್ರಖರ. ಇತ್ತ ಕಪ್ಪು ಕಾಗದವೂ ನಾವು ಭಾವಿಸುವಷ್ಟು ಕಪ್ಪಲ್ಲ; ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಭಾಗವನ್ನು ಅದು ಹಿಂದಿರುಗಿಸುತ್ತದೆ. ಬಿಳಿಯ ಕಾಗದ ಹಿಂದಿರುಗಿಸುವುದು ಎಂಬತ್ತು, ತೊಂಬತ್ತು ಭಾಗ. ಹೀಗಾಗಿ ಅತಿ ಕಪ್ಪಿನಿಂದ ಅತಿ ಬಿಳಿಯವರೆಗೆ ನಮಗೆ ದೊರೆಯುವ ಹರವು ಇಪ್ಪತ್ತು ಪಟ್ಟಿನ ಆಸುಪಾಸು. ಕತ್ತಲ ಕೋಣೆಯ ಮೂಲೆಗೂ ಜ್ವಾಲೆಗೂ ಇರುವ ಸಾವಿರಾರು ಪಟ್ಟಿನ ಅಂತರವನ್ನು ಈ ಇಪ್ಪತ್ತರೊಳಗೆ ಮಡಚಿಡಬೇಕು. ಅಷ್ಟು ಮಡಚಿದ ಮೇಲೂ ಕೆಲವು ಚಿತ್ರಗಳು ನಿಜವಾಗಿಯೂ ಬೆಳಗುತ್ತವೆ ಎಂದರೆ ಆ ಬೆಳಕು ವರ್ಣದ್ರವ್ಯದಿಂದ ಬರುತ್ತಿಲ್ಲ, ನೋಡುವವರ ಕಣ್ಣು ಮತ್ತು ಮಿದುಳು ಸೇರಿ ಅದನ್ನು ಹುಟ್ಟಿಸುತ್ತಿವೆ ಎಂದಾಯಿತು.

ಇದು ಬರಿಯ ಮಾತಿನ ಅಲಂಕಾರವೆಂದು ನಾನು ಒಮ್ಮೆ ಭಾವಿಸಿದ್ದೆ. ಜಪಾನಿನ ಅಕಿಯೋಶಿ ಕಿತಾವೊಕಾ ರಚಿಸಿದ ಒಂದು ಭ್ರಮಾಚಿತ್ರವಿದೆ: ನಡುವೆ ಖಾಲಿ ಬಿಳಿ, ಅದರ ಸುತ್ತ ಒಳಮುಖವಾಗಿ ತಿಳಿಯಾಗುತ್ತಾ ಬರುವ ಬಣ್ಣದ ದಳಗಳು. ನಡುವಿನ ಬಿಳಿಯು ಹಾಳೆಯ ಬಿಳಿಯೇ ಆಗಿದ್ದರೂ ಕಣ್ಣಿಗೆ ಅದು ಹಾಳೆಗಿಂತ ಪ್ರಖರವಾಗಿ, ಸೂರ್ಯನಂತೆ ಚುಚ್ಚುತ್ತದೆ. 2012ರಲ್ಲಿ ಬ್ರೂನೊ ಲೇಂಗ್ ಮತ್ತು ಟೋರ್ ಎಂಡೆಸ್ಟಾಡ್ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಚಿತ್ರಗಳನ್ನು ನೋಡುವಾಗ ಜನರ ಕಣ್ಣಿನ ಪಾಪೆ ನಿಜವಾದ ಪ್ರಖರ ಬೆಳಕಿನ ಮುಂದೆ ಕುಗ್ಗುವಂತೆ ಕುಗ್ಗುತ್ತದೆ ಎಂದು ಕಂಡುಬಂತು. ಇಲ್ಲದ ಬೆಳಕಿಗೆ ದೇಹ ಕಣ್ಣು ಕಿರಿದಾಗಿಸುತ್ತದೆ! ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರಖರವಾದ ದೀಪವನ್ನು ನೋಡಿದಾಗ ಅದರ ಬೆಳಕಿನಲ್ಲಿ ಒಂದಿಷ್ಟು ಕಣ್ಣಿನ ಕಾರ್ನಿಯಾ ಮತ್ತು ಮಸೂರದೊಳಗೆ ಚದುರಿ ದೀಪದ ಸುತ್ತ ಮಂಜಿನಂತೆ ಹರಡುತ್ತದೆ. ಮಂದವಾದ ವಸ್ತುವಿನ ಸುತ್ತ ಹಾಗೆ ಹರಡಿದ್ದು ಕಣ್ಣಿಗೆ ಗೋಚರಿಸುವುದಿಲ್ಲ. ಸುತ್ತ ಇಳಿಜಾರಿನ ಪ್ರಭೆ ಕಂಡರೆ ನಡುವಿನದು ಪ್ರಖರವಾಗಿರಲೇಬೇಕು ಎಂಬುದನ್ನು ಜೀವನವಿಡೀ ನೋಡಿ ರೂಢಿಯಾದ ಕಣ್ಣು ಹಾಳೆಯ ಮೇಲೂ ಅದೇ ತೀರ್ಪು ಕೊಡುತ್ತದೆ. ನನ್ನ ಮೊದಲ ಜ್ವಾಲೆಗೆ ಕತ್ತರಿಸಿಟ್ಟಂಥ ಅಂಚಿತ್ತು. ಅದರಾಚೆಗೆ ಒಮ್ಮೆಲೇ ಕಪ್ಪು. ಅಂಥ ಅಂಚು ಎಲೆಗಿರುತ್ತದೆ, ಬೆಂಕಿಗಿರುವುದಿಲ್ಲ. ಏಳು ವರ್ಷದ ಹುಡುಗಿ ಅದನ್ನು ಒಂದೇ ನೋಟಕ್ಕೆ ಓದಿದ್ದಳು.

ನಡುವೆ ತೂತು

ಒಂದು ಸಂಜೆ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಪರದೆ ಎಳೆದು, ಮೇಜಿನ ಮೇಲೆ ನಿಜವಾದ ಮೇಣದಬತ್ತಿಯೊಂದನ್ನು ಹಚ್ಚಿಟ್ಟು ಕುಳಿತೆ. ಪೆನ್ಸಿಲ್ ಹಿಡಿಯಲಿಲ್ಲ. ಅಕ್ಕನ ಮಗಳು ಎದುರು ಕುಳಿತು, ಉಸಿರಿಗೆ ಜ್ವಾಲೆ ಅಲುಗಾಡದಂತೆ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಹಳ ಹೊತ್ತು ಹಾಗೇ ನೋಡಿ, ಕೈ ತೆಗೆದು, “ಚಿಕ್ಕಿ, ಬೆಂಕಿ ಮಧ್ಯದಲ್ಲಿ ತೂತು ಇದೆ” ಎಂದಳು. ಇತ್ತು. ಬತ್ತಿಯ ಸುತ್ತ ಮಬ್ಬಾದ, ಆಚೆ ಬದಿ ಕಾಣುವಷ್ಟು ಖಾಲಿಯಾದ ಶಂಕುವಿನಾಕಾರದ ಜಾಗ. ಬೆಳ್ಳನೆಯ ಹಳದಿಯೆಲ್ಲ ಅದರ ಮೇಲ್ಭಾಗದಲ್ಲಿತ್ತು. ಬುಡದಲ್ಲಿ ತೆಳುವಾದ ನೀಲಿಯ ಬಟ್ಟಲು. ನಾನು ಚಿತ್ರದಲ್ಲಿ ಅತಿ ಹೆಚ್ಚು ಬಿಳಿ ಒತ್ತಿದ್ದ ಜಾಗವೇ ನಿಜವಾದ ಜ್ವಾಲೆಯ ಅತ್ಯಂತ ಮಂಕಾದ ಜಾಗವಾಗಿತ್ತು. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಮೇಣದಬತ್ತಿಯ ಬಗ್ಗೆಯೇ ಉಪನ್ಯಾಸಗಳ ಸರಣಿ ಆರಂಭಿಸಿದ್ದ. ಅದರಲ್ಲಿ ಜ್ವಾಲೆಗೆ ಅಡ್ಡಲಾಗಿ ಕಾಗದದ ತುಂಡೊಂದನ್ನು ಕ್ಷಣಕಾಲ ಹಿಡಿದರೆ ಅದು ಉಂಗುರದಂತೆ ಸುಟ್ಟು ನಡುವೆ ಸುಡದೆ ಉಳಿಯುವುದನ್ನು ತೋರಿಸಿದ. ಒಳಗಿರುವುದು ಇನ್ನೂ ಉರಿಯದ ಮೇಣದ ಆವಿ. ಬೆಳಗುವುದು ಅದರ ಮೇಲೆ ಕಾದು ಹೊಳೆಯುವ ಮಸಿಯ ಸೂಕ್ಷ್ಮ ಕಣಗಳು. ನಮಗೆ ಬೆಳಕು ಕೊಡುತ್ತಿರುವುದು ಮಸಿ ಎಂಬುದನ್ನು ಅವಳಿಗೆ ಹೇಳಿದಾಗ ಅವಳು ನಂಬಲಿಲ್ಲ. ತಣ್ಣನೆಯ ಚಮಚವೊಂದನ್ನು ಹಳದಿ ಭಾಗದಲ್ಲಿ ಹಿಡಿದು ಕಪ್ಪಾಗಿಸಿ ತೋರಿಸಬೇಕಾಯಿತು.

ಆ ಸಂಜೆ ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಜ್ವಾಲೆಯ ಕೆಳಗಿನ ಮೇಣದ ಮೇಲ್ತುದಿ ಹೊರಗಿನಿಂದ ಬೆಳಕು ಬಿದ್ದಂತೆ ಕಾಣದೆ ಒಳಗಿನಿಂದಲೇ ಬೆಳಗುತ್ತಿತ್ತು. ಬೆಳಕು ಮೇಣದೊಳಗೆ ಇಳಿದು, ಚದುರಿ, ಬೆಚ್ಚನೆಯ ಕಿತ್ತಳೆಯಾಗಿ ಸ್ವಲ್ಪ ದೂರ ಬಂದು ಅಲ್ಲೇ ದಣಿಯುತ್ತಿತ್ತು. ಅದರ ಕೆಳಗೆ ಮೇಣ ತಣ್ಣಗೆ, ಕಪ್ಪಗೆ ನಿಂತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವು ಮನುಷ್ಯರ ಮೇಲೆ ಪ್ರಯೋಗಿಸಿ ಪ್ರಯೋಗಿಸಿ ಅದೊಂದು ನೇರವಾದ ಕಣ್ಣಿನ ವರದಿ ಎಂಬುದನ್ನೇ ಮರೆತಿದ್ದೇವೆ. ಫ್ರಾನ್ಸಿನ ಜಾರ್ಜ್ ದ ಲಾ ತೂರ್ 17ನೆಯ ಶತಮಾನದಲ್ಲಿ ಬಿಡಿಸಿದ, ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ಬಡಗಿ ಜೋಸೆಫನ ಚಿತ್ರದಲ್ಲಿ ಮೇಣದಬತ್ತಿ ಹಿಡಿದ ಮಗುವಿನ ಇನ್ನೊಂದು ಕೈ ಜ್ವಾಲೆಗೆ ಅಡ್ಡವಾಗಿದೆ. ಬೆಳಕು ಆ ಬೆರಳುಗಳ ಒಳಗಿನಿಂದ ಹಾದುಬರುತ್ತದೆ. ಆ ಚಿತ್ರದಲ್ಲಿ ನನಗೆ ಬೆಂಕಿಯನ್ನು ನಂಬಿಸುವುದು ಜ್ವಾಲೆಗಿಂತ ಹೆಚ್ಚಾಗಿ ಆ ಬೆರಳುಗಳು. ಅಕ್ಕನ ಮಗಳ ಕೈಯನ್ನೂ ಜ್ವಾಲೆಯಿಂದ ಸುರಕ್ಷಿತ ದೂರದಲ್ಲಿ ಅಡ್ಡ ಹಿಡಿಸಿ ನೋಡಿದೆ. ಬೆರಳುಗಳ ಸಂದಿನ ಅಂಚು ಕೆಂಪಗೆ ಹೊತ್ತಿಕೊಂಡಿತು.

ಹಗುರವಾದ ಕೈ

ಮುಂದಿನ ಚಿತ್ರವನ್ನು ನಾನು ಜ್ವಾಲೆಯಿಂದ ಆರಂಭಿಸಲಿಲ್ಲ. ಜ್ವಾಲೆ ಬರಬೇಕಾದ ಜಾಗವನ್ನು ಮುಟ್ಟದೆ ಬಿಟ್ಟು, ಅದರ ಸುತ್ತಲಿನ ಪ್ರಭೆಯನ್ನು ಮೊದಲು ಬಿಡಿಸಿದೆ. ಪೆನ್ಸಿಲನ್ನು ಹಿಂತುದಿಯ ಹತ್ತಿರ ಹಿಡಿದು, ಅದರ ಭಾರವನ್ನು ಅದೇ ಹೊತ್ತುಕೊಳ್ಳುವಂತೆ ಬಿಟ್ಟು, ಸಣ್ಣ ಸಣ್ಣ ಸುತ್ತುಗಳಲ್ಲಿ ಹಾಯಿಸಿದರೆ ಬಣ್ಣವು ಹಾಳೆಯ ದಿಣ್ಣೆಗಳ ನೆತ್ತಿಗೆ ಮಾತ್ರ ತಾಗುತ್ತದೆ, ತಗ್ಗುಗಳು ಕಪ್ಪಾಗಿಯೇ ಉಳಿಯುತ್ತವೆ. ಆ ಉಳಿದ ಕಪ್ಪು ಚುಕ್ಕೆಗಳೂ ಬಣ್ಣದ ಚುಕ್ಕೆಗಳೂ ದೂರದಿಂದ ಬೆರೆತು ಮಂದ ಬೆಳಕಾಗುತ್ತವೆ. ಪ್ರಭೆಯ ಅರ್ಧದಷ್ಟು ಕೆಲಸವನ್ನು ಹೀಗೆ ಕಾಗದವೇ ಮಾಡಿಕೊಡುತ್ತದೆ. ಹತ್ತಿಯಿಂದ ಬಿಳಿ ಪುಡಿಯನ್ನು ಉಜ್ಜಿ ಪ್ರಭೆ ಮಾಡುವವರಿದ್ದಾರೆ. ಅದು ಬೇಗ ಆಗುತ್ತದೆ, ಆದರೆ ತಗ್ಗುಗಳೂ ತುಂಬಿಹೋಗುವುದರಿಂದ ನನ್ನ ಕಣ್ಣಿಗೆ ಅದು ಬೆಳಕಿಗಿಂತ ಹೊಗೆಯಾಗಿ ಕಾಣುತ್ತದೆ.

ಈ ಇಳಿಜಾರಿನ ಆಕಾರವೂ ಮುಖ್ಯ. ಸಣ್ಣ ದೀಪದಿಂದ ಬೀಳುವ ಬೆಳಕು ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಣ್ಣಿನೊಳಗೆ ಚದುರುವ ಬೆಳಕೂ ಹೆಚ್ಚುಕಡಿಮೆ ಇದೇ ರೀತಿ ಇಳಿಯುತ್ತದೆ. ಆದ್ದರಿಂದ ಪ್ರಭೆಯು ಜ್ವಾಲೆಯ ಬಳಿ ಥಟ್ಟನೆ ಧುಮುಕಿ, ಆಮೇಲೆ ತೆವಳುತ್ತಾ ಬಹಳ ದೂರ ಹೋಗಬೇಕು. ಒಂದೇ ಸಮನಾಗಿ ಇಳಿಸಿದಾಗ ನನ್ನ ಪ್ರಭೆ ಹತ್ತಿಯ ಉಂಡೆಯಾಗಿತ್ತು. ಜ್ವಾಲೆಗೆ ತಾಗಿದಂತೆ ಕಿರಿದಾದ ಕಿತ್ತಳೆ, ಅದರಾಚೆ ಕಂದುಗೆಂಪು, ಅದರಾಚೆ ಅಡಿಪದರವಿಲ್ಲದ ಕಡುಗಂದು, ಹೀಗೆ ಹಾಕಿದೆ. ಆ ಕಡುಗಂದು ಹಾಳೆಯ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಕಾಣುತ್ತದೆ, ಆ ಜಾಗಕ್ಕೆ ಬೇಕಾದದ್ದೂ ಅಷ್ಟೇ. ಅದರ ಹೊರಗೆ, ಬರಿಯ ಕಪ್ಪಿಗೆ ಬಿಡಬೇಕಿದ್ದಲ್ಲಿ, ಕಡುನೀಲಿಯ ಒಂದು ತೆಳುಪದರ ಹಾಯಿಸಿದೆ. ಇದನ್ನು ನನಗೆ ಹೊಳೆಯಿಸಿದ್ದು ಮಿಶೆಲ್ ಯೂಜೀನ್ ಶೆವ್ರಲ್‌ನ ಒಂದು ಪ್ರಸಂಗ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿ 1824ರಲ್ಲಿ ನೇಮಕಗೊಂಡ ಈ ರಸಾಯನಶಾಸ್ತ್ರಜ್ಞನ ಬಳಿಗೆ ಕಪ್ಪು ನೂಲಿಗೆ ಕಡುಪು ಸಾಲದು ಎಂಬ ದೂರು ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ಏನೂ ಕೊರತೆಯಿರಲಿಲ್ಲ. ನೀಲಿ, ನೇರಳೆಗಳ ಪಕ್ಕದಲ್ಲಿ ನೇಯ್ದಾಗ ಆ ಕಪ್ಪು ಸೊರಗುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದರ ನೋಟವನ್ನೊಂದು ಬದಲಿಸುವ ಬಗೆಯನ್ನು ಆತ 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ. ಅವನಿಗೆ ತೊಂದರೆಯಾದದ್ದು ನನಗೆ ಉಪಕಾರವಾಯಿತು. ನೀಲಿಯ ನೆರೆಯಲ್ಲಿ ನನ್ನ ಕಿತ್ತಳೆ, ಒಂದು ಗೆರೆಯನ್ನೂ ಹೆಚ್ಚು ಹಾಕದೆ, ಬೆಚ್ಚಗಾಯಿತು.

(ಒಂದು ಎಚ್ಚರಿಕೆಯ ಮಾತು: ಮೇಣ ಹೆಚ್ಚಿರುವ ಪೆನ್ಸಿಲ್‌ಗಳ ಕಡುಬಣ್ಣಗಳನ್ನು ದಪ್ಪವಾಗಿ ಹಚ್ಚಿದರೆ ಕೆಲವು ವಾರಗಳಲ್ಲಿ ಮೇಣ ಮೇಲಕ್ಕೆ ಬಂದು ಬಿಳಿಯ ಮಂಜು ಕವಿದಂತಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಮೊದಲ ಸಲ ಅದನ್ನು ಕಂಡಾಗ ಹಾಳೆಗೆ ಬೂಷ್ಟು ಹಿಡಿಯಿತೆಂದು ನಾನು ಹೆದರಿದ್ದೆ.)

ಜ್ವಾಲೆ ಕೊನೆಗೆ ಬಂತು. ಬಿಳಿಯನ್ನು ಮೂರು ಸಲ, ಪ್ರತಿ ಸಲವೂ ದಿಕ್ಕು ಬದಲಿಸಿ, ಹಗುರವಾಗಿ ಹಾಯಿಸಿದೆ. ಬತ್ತಿಯ ಸುತ್ತಲಿನ ತೂತನ್ನು ಬಿಟ್ಟುಕೊಂಡೆ. ಅದರ ಮೇಲೆ ತಿಳಿಹಳದಿ, ಅಂಚಿಗೆ ಕಿತ್ತಳೆ, ತುದಿಯಲ್ಲಿ ಎರಡನ್ನೂ ತೆಳುವಾಗಿಸಿ ಪ್ರಭೆಯೊಳಕ್ಕೆ ಬಿಟ್ಟೆ. ಬುಡದ ನೀಲಿಗೆ ಅಡಿಪದರ ಹಾಕಲಿಲ್ಲ. ಇಡೀ ಚಿತ್ರದಲ್ಲಿ ಗಟ್ಟಿಯಾಗಿ ಒತ್ತಿದ್ದು ಒಂದೇ ಕಡೆ, ತೂತಿಗಿಂತ ತುಸು ಮೇಲೆ, ಅಕ್ಕಿಕಾಳಿನಷ್ಟು ಜಾಗದಲ್ಲಿ. ಮೇಣದ ಮೇಲ್ತುದಿಗೆ ಕೆನೆಬಣ್ಣ, ಕೆಳಗಿಳಿದಂತೆ ಕಂದು, ಆಮೇಲೆ ಏನೂ ಇಲ್ಲ. ಬುಡಕ್ಕೆ ಗೆರೆಯನ್ನೂ ಎಳೆಯದೆ ಕಾಗದದೊಳಗೆ ಕರಗಲು ಬಿಟ್ಟೆ.

ಅಕ್ಕನ ಮಗಳು ಬಂದು ಹಾಳೆಯನ್ನು ಕೈಗೆತ್ತಿಕೊಂಡಳು. ಏನೂ ಹೇಳಲಿಲ್ಲ. ಗೋಡೆಯ ಬಳಿಗೆ ಹೋಗಿ ಕೋಣೆಯ ಲೈಟ್ ಆರಿಸಿದಳು. ಚಿತ್ರ ಕತ್ತಲಲ್ಲಿ ಕಾಣದಾಯಿತು. ಮತ್ತೆ ಸ್ವಿಚ್ ಹಾಕಿ, ಹಾಳೆಯನ್ನು ನೋಡಿ, “ಈಗ ಹತ್ತಿಕೊಳ್ತು” ಎಂದಳು. ಹಾಗೆ ನಾಲ್ಕೈದು ಸಲ ಆರಿಸಿ ಹಚ್ಚಿದಳು. ನಾನು ಮಾತ್ರ ಪ್ರತಿ ಸಲವೂ ಬತ್ತಿಯನ್ನೇ ನೋಡುತ್ತಿದ್ದೆ. ಉರಿಯುವ ಬತ್ತಿಯ ಬಾಗಿದ ತುದಿಯಲ್ಲಿ ಸಾಸಿವೆಯಷ್ಟು ಕೆಂಡವಿರುತ್ತದೆ, ಅದು ಕಾಣಬೇಕಾದರೆ ಅದರ ಸುತ್ತ ಕಪ್ಪು ಉಳಿದಿರಬೇಕು. ಅಲ್ಲಿ ನನ್ನ ಬಿಳಿಯ ಅಡಿಪದರ ಒಂದು ಕೂದಲೆಳೆಯಷ್ಟು ಒಳಗೆ ಸರಿದುಬಿಟ್ಟಿತ್ತು. ಮೆತ್ತನೆಯ ರಬ್ಬರಿನಿಂದ ಒತ್ತಿ ಒತ್ತಿ ಎತ್ತಿದ ಮೇಲೂ ಆ ಜಾಗ ಬೂದಿಯಾಯಿತೇ ವಿನಾ ಹಾಳೆಯ ಕಪ್ಪು ಮರಳಲಿಲ್ಲ.